ದೂರು ಕಣ್ಣಿನದು, ತಪ್ಪು ಕತ್ತಿನದು

(ಹಿರಿಯ ನಾಗರಿಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಕೆಲವು ಕಡೆ ಸ್ವಲ್ಪ ಬಿಡಿಸಿ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಣ್ಣಿನ ಡಾಕ್ಟರನ್ನು ಕರೆಸಿದರೆ ಇವನು ಕತ್ತಿನ ಬಗ್ಗೆ ಶುರು ಮಾಡಿದನಲ್ಲ ಅಂತ ನಿಮಗೆ ಅನ್ನಿಸಬಹುದು. ನಾನೂ ಬಹಳ ವರ್ಷ ಕಣ್ಣು ಬಿಟ್ಟು ಆಚೆ ನೋಡಿದವನಲ್ಲ. ಕತ್ತಿನ ಕಡೆ ನೋಡಲು ನನಗೆ ಕಲಿಸಿದ್ದು ಒಬ್ಬ ರೋಗಿ. ಅದೂ ಮೂರು ತಿಂಗಳು ತಪ್ಪು ಮಾಡಿದ ಮೇಲೆ. ಆ ಕಥೆಯಿಂದಲೇ ಶುರು ಮಾಡುತ್ತೇನೆ.

ಅವರಿಗೆ 68 ವರ್ಷ. ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬಂದು ಕೂತವರೇ ಹೇಳಿದರು: "ಡಾಕ್ಟ್ರೇ, ಬಿಸಿಲಿನಿಂದ ಮನೆಯೊಳಗೆ ಬಂದರೆ ಎಡಗಣ್ಣಿಗೆ ಏನೂ ಕಾಣಲ್ಲ. ಎಲ್ಲ ಬೆಳ್ಳಗೆ. ಬಲಗಣ್ಣು ತಕ್ಷಣ ಸರಿಹೋಗುತ್ತೆ. ಎಡಗಣ್ಣಿಗೆ ಮಾತ್ರ ಐದಾರು ನಿಮಿಷ ಬೇಕು." ಜೊತೆಗೆ ಬಂದಿದ್ದ ಅವರ ಹೆಂಡತಿ ಒಂದು ಮಾತು ಸೇರಿಸಿದರು: "ಹುಬ್ಬಿನ ಹತ್ತಿರ ನೋವು ಅಂತಲೂ ಅಂತಾರೆ. ಮಧ್ಯಾಹ್ನ ಆದರೆ ಸಾಕು, ಹಾಸಿಗೆ ಹುಡುಕ್ತಾರೆ. ಮಲಗಿದರೆ ನೋವು ಹೋಗುತ್ತಂತೆ." ಮೇಷ್ಟ್ರು ನಕ್ಕರು. ನಾನೂ ನಕ್ಕೆ.

ಅವರಿಗೆ ಹನ್ನೆರಡು ವರ್ಷದಿಂದ ಶುಗರ್ ಇತ್ತು. ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅಂತ ಒಂದು ತೆಳು ಪದರ ಇರುತ್ತದೆ. ಬೆಳಕನ್ನು ಹಿಡಿದು ಮಿದುಳಿಗೆ ಕಳಿಸುವುದು ಅದೇ. ಎಡಗಣ್ಣಿನ ರೆಟಿನಾದಲ್ಲಿ ಅಲ್ಲಲ್ಲಿ ರಕ್ತದ ಚುಕ್ಕೆಗಳಿದ್ದವು. ಬಲಗಣ್ಣಿನಲ್ಲಿ ಒಂದೋ ಎರಡೋ. "ಶುಗರಿನಿಂದ ಆದ ರೆಟಿನಾ ತೊಂದರೆ, ಎಡಗಣ್ಣಿನಲ್ಲಿ ಜಾಸ್ತಿ" ಅಂತ ಚೀಟಿಯಲ್ಲಿ ಬರೆದೆ. ಲೇಸರ್ ಮಾಡಿದೆ. ಕಳಿಸಿದೆ.

"ಎಡಗಣ್ಣಿನಲ್ಲಿ ಜಾಸ್ತಿ" ಅಂತ ಬರೆಯುವಾಗಲೇ ನನ್ನ ಪೆನ್ನು ನಿಲ್ಲಬೇಕಿತ್ತು. ಶುಗರ್ ಇರುವುದು ರಕ್ತದಲ್ಲಿ. ಎರಡೂ ಕಣ್ಣಿಗೆ ಹೋಗುವುದು ಅದೇ ರಕ್ತ. ಹಾಗಿದ್ದರೆ ಒಂದೇ ಕಣ್ಣು ಯಾಕೆ ಅಷ್ಟೊಂದು ಹಾಳಾಗಬೇಕು? ಶುಗರ್ ಕಾಯಿಲೆಯಲ್ಲೂ ಎರಡು ಕಣ್ಣಿಗೆ ಸ್ವಲ್ಪ ವ್ಯತ್ಯಾಸ ಇರಬಹುದು. ಆದರೆ ಇಷ್ಟು ಇದ್ದರೆ, ಆ ಕಣ್ಣಿಗೆ ರಕ್ತ ಬರುವ ದಾರಿ ಸರಿಯಿದೆಯಾ ಅಂತ ನೋಡಬೇಕು. ನಾನು ನೋಡಲಿಲ್ಲ.

ಆ ದಾರಿ ಹೇಗಿದೆ ಅಂತ ಈಗ ನೋಡೋಣ. ಕತ್ತಿನಲ್ಲಿ ಗಂಟಲ ಗಡ್ಡೆಯ ಪಕ್ಕಕ್ಕೆ ಎರಡು ಬೆರಳನ್ನು ಹಗುರಾಗಿ ಇಟ್ಟು ನೋಡಿ. ನಾಡಿ ಬಡಿಯುವುದು ಸಿಗುತ್ತದೆ. ಒಂದು ಸಲಕ್ಕೆ ಒಂದೇ ಕಡೆ, ಒತ್ತಬೇಡಿ. ಅದೇ ಕೆರೋಟಿಡ್ ರಕ್ತನಾಳ. ಎಡಕ್ಕೊಂದು, ಬಲಕ್ಕೊಂದು. ಆ ಹೆಸರು ಬಂದಿರುವುದು ಮಂಪರು ಬರಿಸುವುದು ಅನ್ನುವ ಅರ್ಥದ ಗ್ರೀಕ್ ಪದದಿಂದ. ಎರಡನ್ನೂ ಒಟ್ಟಿಗೆ ಒತ್ತಿದರೆ ಮನುಷ್ಯ ಮಂಪರಾಗಿ ಬೀಳುತ್ತಾನೆ ಅಂತ ಹಳೆಯ ಕಾಲದವರಿಗೇ ಗೊತ್ತಿತ್ತು. ಒತ್ತಬೇಡಿ ಅಂದದ್ದು ಅದಕ್ಕೇ.

ಈ ನಾಳ ಗಂಟಲ ಗಡ್ಡೆಯ ಎತ್ತರದಲ್ಲಿ ಎರಡಾಗಿ ಕವಲೊಡೆಯುತ್ತದೆ. ಹೊರಗಿನ ಕವಲು ಮುಖಕ್ಕೆ, ತಲೆಯ ಚರ್ಮಕ್ಕೆ ಹೋಗುತ್ತದೆ. ಒಳಗಿನ ಕವಲು ಕತ್ತಿನಲ್ಲಿ ಯಾರಿಗೂ ಏನೂ ಕೊಡದೆ ನೇರ ತಲೆಬುರುಡೆಯ ಒಳಗೆ ನುಗ್ಗುತ್ತದೆ. ಅಲ್ಲಿ ಅದು ಬಿಡುವ ಮೊದಲ ದೊಡ್ಡ ಕೊಂಬೆಯೇ ಕಣ್ಣಿನದು. ಉಳಿದದ್ದು ಮಿದುಳಿಗೆ. ಅಂದರೆ ಆ ಬೀದಿಯಲ್ಲಿ ಕಣ್ಣಿನದು ಮೊದಲನೇ ಮನೆ. ಮಿದುಳಿಗೆ ಹೊರಟಿದ್ದು ಏನೇ ಇದ್ದರೂ, ಕಣ್ಣಿನ ಬಾಗಿಲ ಮುಂದೆಯೇ ಹಾದುಹೋಗಬೇಕು.

ಕವಲೊಡೆಯುವ ಜಾಗದಲ್ಲಿ ರಕ್ತ ಸುಳಿ ತಿರುಗುತ್ತದೆ. ಜಿಡ್ಡು ಕೂರುವುದಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಬಿಪಿ, ಶುಗರ್, ಕೊಲೆಸ್ಟರಾಲ್, ಬೀಡಿ ಸಿಗರೇಟು, ವಯಸ್ಸು, ಎಲ್ಲ ಸೇರಿ ವರ್ಷಗಟ್ಟಲೆ ಅಲ್ಲಿ ಪದರದ ಮೇಲೆ ಪದರ ಕಟ್ಟುತ್ತವೆ. ಹೃದಯದ ನಾಳದಲ್ಲಿ ಕಟ್ಟುವ ಜಿಡ್ಡೇ ಇದು, ಜಾಗ ಮಾತ್ರ ಬೇರೆ.

ಇದರಿಂದ ಕಣ್ಣಿಗೆ ಎರಡು ಬಗೆಯಲ್ಲಿ ಪೆಟ್ಟು ಬೀಳುತ್ತದೆ. ಈ ಎರಡನ್ನೂ ಕಲಸಬಾರದು.

ಮೊದಲನೆಯದು ಹಠಾತ್ ಪೆಟ್ಟು. ಜಿಡ್ಡಿನ ಮೇಲಿಂದ ಒಂದು ಚೂರು ಕಿತ್ತು ಬರುತ್ತದೆ. ತೇಲುತ್ತಾ ಹೋಗಿ ರೆಟಿನಾದ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಒಂದು ಕಣ್ಣಿನ ಮುಂದೆ ಯಾರೋ ಪರದೆ ಇಳಿಬಿಟ್ಟ ಹಾಗೆ ಕತ್ತಲಾಗುತ್ತದೆ. ಕೆಲವು ನಿಮಿಷದಲ್ಲಿ ಚೂರು ಕರಗಿಯೋ ಮುಂದೆ ಸರಿದೋ ಹೋದರೆ ದೃಷ್ಟಿ ವಾಪಸ್ ಬರುತ್ತದೆ. ಮಿಲ್ಲರ್ ಫಿಶರ್ ಅನ್ನುವ ಕೆನಡಾದ ನರರೋಗ ತಜ್ಞರು 1950ರ ದಶಕದಲ್ಲಿ ಇದರ ಹಿಂದೆ ಬಿದ್ದರು. ಹೀಗೆ ಒಂದು ಕಣ್ಣು ಕತ್ತಲಾಗಿ ಸರಿಹೋದವರಿಗೆ, ಮುಂದೆ ಎದುರು ಬದಿಯ ಕೈಕಾಲು ಬೀಳುತ್ತದೆ ಅಂತ ಬರೆದರು. 1959ರಲ್ಲಿ, ಒಬ್ಬ ರೋಗಿಗೆ ಕಣ್ಣು ಕತ್ತಲಾಗಿದ್ದ ಹೊತ್ತಿನಲ್ಲೇ ಒಳಗೆ ನೋಡಿ, ಬಿಳಿಯ ಚೂರುಗಳು ರೆಟಿನಾದ ನಾಳದಲ್ಲಿ ನಿಧಾನಕ್ಕೆ ಸರಿಯುವುದನ್ನು ವರ್ಣಿಸಿದರು. ಎರಡು ವರ್ಷದ ನಂತರ ರಾಬರ್ಟ್ ಹಾಲೆನ್‌ಹಾರ್ಸ್ಟ್ ಅನ್ನುವ ಕಣ್ಣಿನ ಡಾಕ್ಟರು ನಾಳದೊಳಗೆ ಹೊಳೆಯುವ ಹಳದಿ ಹರಳುಗಳು ಕತ್ತಿನ ಜಿಡ್ಡಿನಿಂದ ಬಂದ ಕೊಲೆಸ್ಟರಾಲ್ ಅಂತ ತೋರಿಸಿದರು. ಇವತ್ತಿಗೂ ಆ ಹರಳಿಗೆ ಅವರದೇ ಹೆಸರು.

ಇಲ್ಲಿ ನಮ್ಮ ಭಾಷೆಯದೇ ಒಂದು ತೊಡಕಿದೆ. ಎದ್ದು ನಿಂತಾಗ ತಲೆ ಸುತ್ತಿದರೂ ನಾವು "ಕಣ್ಣು ಕತ್ತಲೆ ಬಂತು" ಅನ್ನುತ್ತೇವೆ. ಹಸಿವಾದರೂ ಅದೇ ಮಾತು. ಹಾಗಾಗಿ ರೋಗಿ ಅದನ್ನು ಹೇಳಿದಾಗ ಡಾಕ್ಟರೂ ತಲೆಸುತ್ತು ಅಂದುಕೊಂಡು ಮುಂದೆ ಹೋಗುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಒಂದು ಕಣ್ಣಿಗಾ, ಎರಡಕ್ಕೂನಾ? ನಿಮಗೆ ಹಾಗಾದರೆ ಆ ಕ್ಷಣದಲ್ಲೇ ಒಂದೊಂದು ಕಣ್ಣನ್ನು ಕೈಯಿಂದ ಮುಚ್ಚಿ ನೋಡಿಕೊಳ್ಳಿ. ಎರಡೂ ಕತ್ತಲಾದರೆ ಬಿಪಿ ಇಳಿದಿರಬಹುದು, ಬೇರೆ ಏನಾದರೂ ಇರಬಹುದು. ಒಂದೇ ಕಣ್ಣಾದರೆ ಅದು ಸಣ್ಣ ಸ್ಟ್ರೋಕ್ ಇದ್ದ ಹಾಗೆ. ಸರಿಹೋಯ್ತಲ್ಲ ಅಂತ ಸುಮ್ನೆ ಇರಬಾರದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಚೂರು ಸರಿಯದೆ ಅಲ್ಲೇ ನಿಂತರೆ ರೆಟಿನಾ ಸಾಯುತ್ತದೆ. ಎಷ್ಟು ಹೊತ್ತಿನಲ್ಲಿ? ಸೋಹನ್ ಸಿಂಗ್ ಹೈರೆ ಅನ್ನುವ ಕಣ್ಣಿನ ವಿಜ್ಞಾನಿ ಮುದಿ ಕೋತಿಗಳಲ್ಲಿ ಪರೀಕ್ಷೆ ಮಾಡಿ ನೋಡಿದರು. ರೆಟಿನಾದ ಮುಖ್ಯ ನಾಳ ಮುಚ್ಚಿದರೆ ಸುಮಾರು 97 ನಿಮಿಷದವರೆಗೆ ಶಾಶ್ವತ ಹಾನಿ ಕಾಣಲಿಲ್ಲ. 240 ನಿಮಿಷ, ಅಂದರೆ ನಾಲ್ಕು ಗಂಟೆ ಆಗುವ ಹೊತ್ತಿಗೆ ಬಹುಪಾಲು ಮುಗಿದುಹೋಗಿತ್ತು. ನೋವಿಲ್ಲ, ಕೆಂಪಾಗಿಲ್ಲ, ನಾಳೆ ನೋಡೋಣ ಅನ್ನುವವರು ಬರುವ ಹೊತ್ತಿಗೆ ನಮ್ಮ ಕೈಯಲ್ಲಿ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಎರಡನೆಯ ಬಗೆ ನಿಧಾನದ್ದು. ಮೇಷ್ಟ್ರಿಗೆ ಆಗಿದ್ದು ಅದು. ಇಲ್ಲಿ ಯಾವ ಚೂರೂ ಬರುವುದಿಲ್ಲ. ರಕ್ತವೇ ಸಾಕಾಗುವುದಿಲ್ಲ, ಅಷ್ಟೇ. 1963ರಲ್ಲಿ ಥಾಮಸ್ ಕರ್ನ್ಸ್ ಮತ್ತು ಅದೇ ಹಾಲೆನ್‌ಹಾರ್ಸ್ಟ್ ಇದನ್ನು ಮೊದಲು ವಿವರಿಸಿದರು. ಇವತ್ತು ಇದಕ್ಕೆ ಆಕ್ಯುಲರ್ ಇಸ್ಕೀಮಿಕ್ ಸಿಂಡ್ರೋಮ್ ಅನ್ನುತ್ತೇವೆ. ಉಪವಾಸ ಬಿದ್ದ ಕಣ್ಣು ಅಂತ ನಾನು ಕರೆಯುತ್ತೇನೆ. ಸಾಮಾನ್ಯವಾಗಿ 60 ದಾಟಿದವರಲ್ಲಿ ಬರುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಎರಡು ಪಟ್ಟು ಜಾಸ್ತಿ. ಐವರಲ್ಲಿ ಒಬ್ಬರಿಗೆ ಎರಡೂ ಕಣ್ಣಿಗೆ ಬರುತ್ತದೆ.

ಕತ್ತಿನ ನಾಳ ಸ್ವಲ್ಪ ಕಿರಿದಾದ ಮಾತ್ರಕ್ಕೆ ಹೀಗಾಗುವುದಿಲ್ಲ. ಅರ್ಧ ಮುಚ್ಚಿದರೂ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಸಾಮಾನ್ಯವಾಗಿ ಶೇಕಡಾ 90ರಷ್ಟು ಮುಚ್ಚಿರಬೇಕು. ಆಗ ರೆಟಿನಾದ ನಾಳದಲ್ಲಿ ರಕ್ತದ ಒತ್ತಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಷ್ಟು ಮುಚ್ಚಿದರೂ ಕೆಲವರ ಕಣ್ಣು ಚೆನ್ನಾಗಿಯೇ ಇರುತ್ತದೆ. ಯಾಕೆಂದರೆ ದೇಹ ಅಡ್ಡದಾರಿಗಳನ್ನು ಮಾಡಿಕೊಳ್ಳುತ್ತದೆ. ಮಿದುಳಿನ ಬುಡದಲ್ಲಿ ಎಡ ಬಲದ ನಾಳಗಳು ಸೇರುವ ಒಂದು ಬಳೆ ಇದೆ, ಅಲ್ಲಿಂದ ರಕ್ತ ಬರಬಹುದು. ಮುಖದ ನಾಳಗಳಿಂದ ಕಣ್ಣಿನ ಸುತ್ತ ಹಿಂದಕ್ಕೆ ಹರಿದೂ ಬರಬಹುದು. ಆದರೆ ಇದೇ ಅಡ್ಡದಾರಿ ಕೆಲವೊಮ್ಮೆ ಕಣ್ಣಿಗೇ ಕುತ್ತು. ಮುಖದಿಂದ ಬಂದ ರಕ್ತ ಕಣ್ಣಿನ ನಾಳದಲ್ಲಿ ಉಲ್ಟಾ ಹರಿದು ಮಿದುಳಿಗೆ ಹೋಗುತ್ತದೆ. ಮಿದುಳು ಹಸಿದಾಗ ಪಕ್ಕದ ಮನೆಯ ಕೊಡಕ್ಕೂ ಕೈಹಾಕುತ್ತದೆ, ಅಲ್ವಾ?

ಸರಿ, ಉಪವಾಸ ಬಿದ್ದ ಕಣ್ಣು ಏನು ಮಾಡುತ್ತದೆ? ಕೂಗಿ ಕರೆಯುತ್ತದೆ. ರಕ್ತ ಬೇಕು ಅಂತ ವಿಇಜಿಎಫ್ ಅನ್ನುವ ಒಂದು ರಾಸಾಯನಿಕವನ್ನು ಸುರಿಸುತ್ತದೆ. ಅದನ್ನು ನಂಬಿ ಹೊಸ ನಾಳಗಳು ಚಿಗುರುತ್ತವೆ. ಈ ಹೊಸ ನಾಳಗಳೇ ಮನೆಹಾಳು. ತೆಳ್ಳಗೆ, ಸೋರುತ್ತಾ, ಬೇಡದ ಜಾಗದಲ್ಲಿ ಬೆಳೆಯುತ್ತವೆ. ರಕ್ತವಂತೂ ತರುವುದಿಲ್ಲ, ಏಕೆಂದರೆ ತರುವುದಕ್ಕೆ ಕೆಳಗಿನಿಂದ ಬರುತ್ತಲೇ ಇಲ್ಲ.

ಮೇಷ್ಟ್ರು ಮೂರು ತಿಂಗಳಿಗೆ ವಾಪಸ್ ಬಂದಾಗ ನನ್ನ ಕಣ್ಣು ತೆರೆಸಿದ್ದು ಇವೇ. ಕಣ್ಣಿನ ಪಾಪೆಯ ಸುತ್ತ ಕಂದು ಬಣ್ಣದ ಭಾಗ ಇರುತ್ತದಲ್ಲ, ಐರಿಸ್, ಅದರ ಅಂಚಿನಲ್ಲಿ ಕೆಂಪು ದಾರದ ಎಳೆಗಳು. ಕೂದಲಿಗಿಂತ ಸಣ್ಣವು. ಪಾಪೆ ಅಗಲ ಮಾಡುವ ಹನಿ ಹಾಕಿಬಿಟ್ಟರೆ ಅವು ಮುದುಡಿ ಮರೆಯಾಗುತ್ತವೆ. ಹನಿ ಹಾಕುವ ಮುಂಚೆಯೇ, ಸ್ಲಿಟ್ ಲ್ಯಾಂಪ್ ಅನ್ನುವ ಕಣ್ಣು ನೋಡುವ ಸೂಕ್ಷ್ಮದರ್ಶಕದಲ್ಲಿ ದೊಡ್ಡದು ಮಾಡಿ ನೋಡಬೇಕು. ಮೊದಲ ಸಲ ನಾನು ಹನಿ ಹಾಕಿಸಿ ಆಮೇಲೆ ನೋಡಿದ್ದೆ. ಆಗಲೇ ಇದ್ದವೋ ಇಲ್ಲವೋ, ಈಗ ಹೇಳುವುದಕ್ಕೆ ಆಗುವುದಿಲ್ಲ.

ಈ ಸಲ ಇನ್ನೊಂದು ಕೆಲಸ ಮಾಡಿದೆ. ರೆಟಿನಾ ನೋಡುತ್ತಾ, ರೆಪ್ಪೆಯ ಮೇಲಿಂದ ಬೆರಳಲ್ಲಿ ಕಣ್ಣನ್ನು ತೀರಾ ಹಗುರಾಗಿ ಅದುಮಿದೆ. ಬಲಗಣ್ಣಿನಲ್ಲಿ ಏನೂ ಆಗಲಿಲ್ಲ. ಎಡಗಣ್ಣಿನಲ್ಲಿ ರಕ್ತನಾಳಗಳು ಮಿಣುಕತೊಡಗಿದವು. ಒಂದು ಬಡಿತಕ್ಕೆ ತುಂಬುವುದು, ಮರುಕ್ಷಣ ಖಾಲಿ. ಒಳಗೆ ಬರುವ ರಕ್ತಕ್ಕೆ ನನ್ನ ಬೆರಳಿನ ಭಾರವನ್ನೂ ಎದುರಿಸುವ ಶಕ್ತಿ ಇರಲಿಲ್ಲ. ಇದಕ್ಕೆ ಯಾವ ಯಂತ್ರವೂ ಬೇಡ, ಅರ್ಧ ನಿಮಿಷದ ಕೆಲಸ. ನೀವು ಮನೆಯಲ್ಲಿ ಮಾಡಿ ನೋಡಬೇಡಿ, ನಿಮಗೆ ಏನೂ ಕಾಣುವುದಿಲ್ಲ.

ಆಮೇಲೆ ಕಣ್ಣಿನ ಆಂಜಿಯೋಗ್ರಾಂ ಮಾಡಿಸಿದೆ. ಕೈಯ ನಾಳಕ್ಕೆ ಹಳದಿ ಬಣ್ಣ ಕೊಡುತ್ತಾರೆ. ಸಾಮಾನ್ಯವಾಗಿ 10ರಿಂದ 15 ಸೆಕೆಂಡಿನಲ್ಲಿ ಅದು ಕಣ್ಣಿಗೆ ಬಂದು ಹೊಳೆಯುತ್ತದೆ. ಅವತ್ತು ಕ್ಯಾಮೆರಾ ಮುಂದೆ ಕೂತು ಎಣಿಸುತ್ತಾ ಇದ್ದೆವು. ಹದಿನೈದಾಯ್ತು, ಇಪ್ಪತ್ತಾಯ್ತು. ಫೋಟೋ ತೆಗೆಯುವ ಹುಡುಗ "ಸೂಜಿ ಸರಿಯಾಗಿ ಹೋಗಿಲ್ಲವೇನೋ ಸಾರ್" ಅಂದ. ಸೂಜಿ ಸರಿಯಾಗೇ ಇತ್ತು. ಬಣ್ಣ ಬಂದದ್ದೂ ನಿಧಾನ, ಬಂದಿದ್ದು ಆಚೆ ಹೋಗಿದ್ದು ಇನ್ನೂ ನಿಧಾನ. ಕತ್ತಿಗೆ ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ ಎಡಗಡೆ ಒಳಗಿನ ಕೆರೋಟಿಡ್ ಹೆಚ್ಚುಕಡಿಮೆ ಮುಚ್ಚೇ ಹೋಗಿತ್ತು. ಡಾಪ್ಲರ್ ಅಂದರೆ ಬೇರೇನಲ್ಲ, ಹೊಟ್ಟೆಗೆ ಮಾಡುವ ಸ್ಕ್ಯಾನನ್ನೇ ಕತ್ತಿಗೆ ಮಾಡುವುದು. ನೋವಿಲ್ಲ, ಸೂಜಿ ಇಲ್ಲ. ಅದರಲ್ಲಿ ತೊಂದರೆ ಕಂಡರೆ ಸಿಟಿ ಇಲ್ಲವೇ ಎಂಆರ್‌ಐ ಆಂಜಿಯೋಗ್ರಾಂ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ.

ಡಾಕ್ಟರಾಗಿ ಓದುತ್ತಿರುವವರು ಯಾರಾದರೂ ಇಲ್ಲಿದ್ದರೆ ಒಂದು ಮಾತು. ರಕ್ತದ ಚುಕ್ಕೆ ಕಂಡಾಗ ಮೂರು ಕಾಯಿಲೆ ನೆನಪಾಗಬೇಕು. ಶುಗರಿನದಾದರೆ ಚುಕ್ಕೆಗಳು ಹೆಚ್ಚಾಗಿ ರೆಟಿನಾದ ನಡುಭಾಗದಲ್ಲಿ, ಜೊತೆಗೆ ಹಳದಿ ಜಿಡ್ಡಿನ ಕಲೆ. ರೆಟಿನಾದ ಅಭಿಧಮನಿ, ಅಂದರೆ ರಕ್ತ ವಾಪಸ್ ಹೋಗುವ ನಾಳ, ಕಟ್ಟಿಕೊಂಡಿದ್ದರೆ ಅದು ಉಬ್ಬಿ ಹಾವಿನ ಹಾಗೆ ಸುರುಳಿ ಸುತ್ತಿರುತ್ತದೆ. ಉಪವಾಸ ಬಿದ್ದ ಕಣ್ಣಿನಲ್ಲಿ ಅದೇ ನಾಳ ಉಬ್ಬಿರುತ್ತದೆ, ಆದರೆ ಸುರುಳಿ ಇರುವುದಿಲ್ಲ. ಚುಕ್ಕೆಗಳು ನಡುವಿಗಿಂತ ಸ್ವಲ್ಪ ಆಚೆ ಇರುತ್ತವೆ. ಇಷ್ಟು ನೆನಪಿಟ್ಟುಕೊಂಡರೆ ನನ್ನ ತಪ್ಪು ನೀವು ಮಾಡುವುದಿಲ್ಲ.

ಈಗ ಚಿಕಿತ್ಸೆಗೆ ಬರೋಣ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಜನಕ್ಕೆ ಬೇಸರ ಆಗುವುದು ಇಲ್ಲೇ. ಕಣ್ಣಿಗೆ ಹನಿ ಹಾಕಿ, ಆಪರೇಷನ್ ಮಾಡಿ, ಕಾಣುವ ಹಾಗೆ ಮಾಡಿ ಅಂತ ಬಂದಿರುತ್ತಾರೆ. ನಾವು ಕತ್ತು, ಹೃದಯ ಅಂತ ಬೇರೆ ಕಡೆ ಕಳಿಸುತ್ತೇವೆ.

ಕಣ್ಣಿನಲ್ಲಿ ಮಾಡುವ ಕೆಲಸ ಇದೆ. ಬೇಡದ ನಾಳಗಳನ್ನು ಒಣಗಿಸಬೇಕು. ಅದಕ್ಕೆ ರೆಟಿನಾದ ಅಂಚಿಗೆಲ್ಲ ಲೇಸರ್ ಹೊಡೆಯುತ್ತೇವೆ. ಹಸಿದ ಬಾಯಿ ಕಡಿಮೆ ಮಾಡಿದರೆ ಕೂಗೂ ಕಡಿಮೆಯಾಗುತ್ತದೆ ಅನ್ನುವ ಲೆಕ್ಕ. ಶುಗರಿನ ಕಣ್ಣಿನಲ್ಲಿ ಈ ಲೆಕ್ಕ ಚೆನ್ನಾಗಿ ಸರಿಹೋಗುತ್ತದೆ. ಇಲ್ಲಿ ಅಷ್ಟಾಗಿ ಹೋಗುವುದಿಲ್ಲ. ಲೇಸರ್ ಮಾಡಿದ ಮೇಲೆ ಹೊಸ ನಾಳ ಒಣಗುವುದು ಸುಮಾರು ಮೂರರಲ್ಲಿ ಒಂದು ಕಣ್ಣಿನಲ್ಲಿ ಮಾತ್ರ. ಹಸಿವು ರೆಟಿನಾಗೆ ಮಾತ್ರವಲ್ಲ, ಇಡೀ ಕಣ್ಣಿಗೆ ಇದೆಯಲ್ಲ. ವಿಇಜಿಎಫ್ ತಡೆಯುವ ಇಂಜೆಕ್ಷನ್ನನ್ನು ಕಣ್ಣೊಳಗೇ ಕೊಟ್ಟರೆ ಕೆಂಪು ಎಳೆಗಳು ಕೆಲವೇ ದಿನದಲ್ಲಿ ಬಾಡುತ್ತವೆ. ನೋಡುವುದಕ್ಕೆ ಖುಷಿಯಾಗುತ್ತದೆ. ಆದರೆ ಅದು ಕೂಗುವ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಕೆಲವು ವಾರದಲ್ಲಿ ಮದ್ದಿನ ಬಲ ಇಳಿಯುತ್ತದೆ, ಹಸಿವು ಇದ್ದಲ್ಲೇ ಇರುತ್ತದೆ. ಸಮಯ ಗಳಿಸುವುದಕ್ಕೆ ಇದು ಒಳ್ಳೆಯ ಉಪಾಯ. ಕಾಯಿಲೆ ವಾಸಿಯಾಯಿತು ಅಂದುಕೊಂಡರೆ ಮೋಸ ಹೋಗುತ್ತೀರಿ.

ಇನ್ನು ಕಣ್ಣಿನ ಒತ್ತಡದ ಮಾತು. ಇದು ಸ್ವಲ್ಪ ಸೂಕ್ಷ್ಮ, ಆದರೆ ನನಗೆ ಬಹಳ ಇಷ್ಟವಾದ ಭಾಗ. ಕಣ್ಣೊಳಗೆ ಸದಾ ಒಂದು ನೀರು ಉತ್ಪತ್ತಿಯಾಗುತ್ತಾ ಇರುತ್ತದೆ. ಒಂದು ಸಣ್ಣ ಜಾಲರಿಯ ಮೂಲಕ ಆಚೆ ಹೋಗುತ್ತದೆ. ಜಾಲರಿ ಕಟ್ಟಿಕೊಂಡರೆ ಒತ್ತಡ ಏರಿ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಆಗುತ್ತದೆ. ಐರಿಸಿನ ಹೊಸ ನಾಳಗಳು ತೆವಳುತ್ತಾ ಹೋಗಿ ಈ ಜಾಲರಿಯನ್ನೇ ಮುಚ್ಚುತ್ತವೆ. ಹಾಗಾದರೆ ಒತ್ತಡ ಏರಬೇಕು, ಅಲ್ವಾ? ಎಷ್ಟೋ ಸಲ ಏರಿರುವುದಿಲ್ಲ. ಯಾಕೆಂದರೆ ನೀರು ಮಾಡುವ ಭಾಗಕ್ಕೂ ರಕ್ತ ಇಲ್ಲ. ಚರಂಡಿ ಕಟ್ಟಿದೆ, ನಲ್ಲಿಯೂ ನಿಂತಿದೆ. ಅಳತೆ ಮಾಡಿದರೆ ಎಲ್ಲ ಸರಿಯಾಗಿ ಕಾಣುತ್ತದೆ.

ಈಗ ಕತ್ತಿನ ನಾಳ ತೆರೆಯಿರಿ. ರಕ್ತ ಭರ್ರನೆ ಬರುತ್ತದೆ, ನಲ್ಲಿ ಮತ್ತೆ ಶುರುವಾಗುತ್ತದೆ. ಚರಂಡಿ ಮಾತ್ರ ಕಟ್ಟಿದ್ದ ಹಾಗೇ ಇದೆ. ಆಪರೇಷನ್ ಆದ ಮೇಲೆ, ಕೆಲವೊಮ್ಮೆ ಬೇಗನೇ, ಕಣ್ಣಿನ ಒತ್ತಡ ಜೋರಾಗಿ ಏರುತ್ತದೆ. ಕತ್ತಿನ ಸರ್ಜನ್ ಖುಷಿಯಲ್ಲಿರುತ್ತಾರೆ, ರೋಗಿ ಕಣ್ಣು ಸಿಡಿಯುತ್ತಿದೆ ಅಂತ ಒದ್ದಾಡುತ್ತಾರೆ. ಅದಕ್ಕೇ ಐರಿಸಿನಲ್ಲಿ ಕೆಂಪು ಎಳೆ ಇರುವವರಿಗೆ ಕತ್ತಿನ ಆಪರೇಷನ್ ಆಗುವ ಮುಂಚೆ ಇಂಜೆಕ್ಷನ್ನೋ ಲೇಸರೋ ಮಾಡಿ, ಆಪರೇಷನ್ ಆದ ಮೇಲೆ ಒತ್ತಡವನ್ನು ಪದೇಪದೇ ಅಳೆಯಬೇಕು. ಕಣ್ಣಿನವರು, ಕತ್ತಿನವರು ಒಬ್ಬರಿಗೊಬ್ಬರು ಫೋನ್ ಮಾಡಿ ಮಾತಾಡಿಕೊಳ್ಳಬೇಕು. ಚೀಟಿ ಬರೆದು ಕಳಿಸಿದರೆ ಸಾಲದು.

ಒತ್ತಡ ಏರಿಬಿಟ್ಟಿದ್ದರೆ ಹನಿ, ಮಾತ್ರೆ, ಆಮೇಲೆ ನೀರು ಆಚೆ ಬಿಡುವ ಸಣ್ಣ ಕೊಳವೆ ಇಡುವುದು, ಇಲ್ಲವೇ ನೀರು ಮಾಡುವ ಭಾಗವನ್ನೇ ಲೇಸರಿನಿಂದ ತಗ್ಗಿಸುವುದು. ಇನ್ನೊಂದು ಲೆಕ್ಕವೂ ಇದೆ. ಒಳಗೆ ಬರುವ ರಕ್ತಕ್ಕೆ ಬಲವೇ ಇಲ್ಲದಾಗ, ಬೇರೆಯವರಿಗೆ ಸರಿಯಾದ ಕಣ್ಣಿನ ಒತ್ತಡವೂ ಈ ಕಣ್ಣಿಗೆ ಜಾಸ್ತಿಯೇ. ಹಾಗಾಗಿ ಅದನ್ನು ಆದಷ್ಟು ಕೆಳಗೆ ಇಡುತ್ತೇವೆ.

ಇನ್ನು ಕತ್ತಿಗೆ ಬರೋಣ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮೈಕೇಲ್ ಡಿಬೇಕಿ 1953ರಲ್ಲಿ ಈ ನಾಳ ಬಿಡಿಸಿ ಜಿಡ್ಡು ತೆಗೆದರು. ಮರುವರ್ಷ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಸರ್ಜನ್ನರು 66 ವರ್ಷದ ಒಬ್ಬ ಹೆಂಗಸಿಗೆ ಕತ್ತಿನ ನಾಳದ ಕೆಟ್ಟ ಭಾಗವನ್ನೇ ಕತ್ತರಿಸಿ ಉಳಿದದ್ದನ್ನು ಜೋಡಿಸಿದರು. ಆಕೆಗೆ ಪದೇಪದೇ ಬಲಗೈ ಬಲಗಾಲು ಸೋಲುತ್ತಿತ್ತು, ಮಾತು ನಿಲ್ಲುತ್ತಿತ್ತು. ಜೊತೆಗೆ ಎಡಗಣ್ಣು ಕತ್ತಲಾಗುತ್ತಿತ್ತು. ರಕ್ತ ನಿಲ್ಲಿಸಿದ ಹೊತ್ತಿನಲ್ಲಿ ಮಿದುಳು ತಡೆದುಕೊಳ್ಳಲಿ ಅಂತ ಮೈಯನ್ನೇ ತಣ್ಣಗೆ ಮಾಡಿ ಆಪರೇಷನ್ ಮಾಡಿದ್ದರು. ಲೋಕಕ್ಕೆ ಈ ಚಿಕಿತ್ಸೆ ಗೊತ್ತಾಗಿದ್ದು ಆ ವರದಿಯಿಂದ.

ಇವತ್ತು ಮಾಡುವುದು ಹೀಗೆ. ಕತ್ತಿನ ಪಕ್ಕ ಒಂದು ಗೀರು. ನಾಳದ ಮೇಲೂ ಕೆಳಗೂ ಕ್ಲಿಪ್ ಹಾಕಿ ರಕ್ತ ತಡೆಯುತ್ತಾರೆ. ಬೇಕಾದರೆ ಮಿದುಳಿಗೆ ಒಂದು ತಾತ್ಕಾಲಿಕ ಕೊಳವೆ. ನಾಳವನ್ನು ಉದ್ದಕ್ಕೆ ಸೀಳಿ, ಒಳಗಿನ ಜಿಡ್ಡನ್ನು ಒಂದೇ ಪದರವಾಗಿ ಸುಲಿದು ತೆಗೆಯುತ್ತಾರೆ. ನಾನು ಒಮ್ಮೆ ನಿಂತು ನೋಡಿದ್ದೇನೆ. ಹೊರಬಂದ ಜಿಡ್ಡು ಕಿರುಬೆರಳಿನಷ್ಟು ಉದ್ದ, ಹಳದಿ, ಗಟ್ಟಿ, ಕವಲಿನ ಆಕಾರವೇ ಅಚ್ಚೊತ್ತಿದ ಹಾಗಿತ್ತು. ಆಮೇಲೆ ನಾಳ ಕಿರಿದಾಗದಂತೆ ಒಂದು ತೇಪೆ ಹಾಕಿ ಹೊಲಿಯುತ್ತಾರೆ.

ಯಾರಿಗೆ ಮಾಡಬೇಕು? ಇದಕ್ಕೆ ಒಳ್ಳೆಯ ಲೆಕ್ಕ ಸಿಕ್ಕಿದ್ದು 1991ರಲ್ಲಿ, ನಾಸೆಟ್ ಅನ್ನುವ ಉತ್ತರ ಅಮೆರಿಕದ ಅಧ್ಯಯನದಿಂದ. ಆಗಲೇ ಲಕ್ಷಣ ಕಾಣಿಸಿಕೊಂಡವರು, ನಾಳ ಶೇಕಡಾ 70ರಿಂದ 99 ಮುಚ್ಚಿರುವವರು. ಬರೀ ಮದ್ದು ಕೊಟ್ಟವರಲ್ಲಿ ಎರಡು ವರ್ಷದಲ್ಲಿ ಶೇಕಡಾ 26 ಜನಕ್ಕೆ ಮುಚ್ಚಿದ ನಾಳದ ಬದಿಯ ಮಿದುಳಿನಲ್ಲೇ ಸ್ಟ್ರೋಕ್ ಆಯಿತು. ಆಪರೇಷನ್ ಆದವರಲ್ಲಿ ಶೇಕಡಾ 9. ಕಣ್ಣು ಕತ್ತಲಾಗಿ ಸರಿಹೋದವರೂ ಈ ಅಧ್ಯಯನದಲ್ಲಿದ್ದರು. ಕಣ್ಣಿನ ಲಕ್ಷಣ ಮಾತ್ರ ಇರುವವರಿಗೆ, ಕೈಕಾಲಿನ ಲಕ್ಷಣ ಇರುವವರಿಗಿಂತ ಸ್ಟ್ರೋಕಿನ ಅಪಾಯ ಕಡಿಮೆ. ಆದರೆ ಇಲ್ಲ ಅಂತಲ್ಲ. ಲಕ್ಷಣ ಕಂಡ ಎರಡು ವಾರದೊಳಗೆ ಆಪರೇಷನ್ ಆದರೆ ಲಾಭ ಜಾಸ್ತಿ. ತಡ ಮಾಡಿದಷ್ಟೂ ಕಡಿಮೆ.

ಸ್ಟೆಂಟ್, ಅಂದರೆ ನಾಳವನ್ನು ಒಳಗಿನಿಂದ ತೆರೆದಿಡುವ ಸಣ್ಣ ಬಲೆ ಕೊಳವೆ, ಹಾಕಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಬಹುದು. 2010ರಲ್ಲಿ ಬಂದ ಕ್ರೆಸ್ಟ್ ಅಧ್ಯಯನದಲ್ಲಿ 2,502 ಜನರನ್ನು ನೋಡಿದರು. ಒಟ್ಟಾರೆ ಎರಡೂ ಹೆಚ್ಚುಕಡಿಮೆ ಸಮ. ಆದರೆ ಸ್ಟೆಂಟಿನಲ್ಲಿ ಸ್ಟ್ರೋಕ್ ಸ್ವಲ್ಪ ಜಾಸ್ತಿ, ಆಪರೇಷನ್ನಿನಲ್ಲಿ ಹೃದಯಾಘಾತ ಸ್ವಲ್ಪ ಜಾಸ್ತಿ. ಸುಮಾರು 70 ದಾಟಿದವರಿಗೆ ಆಪರೇಷನ್ ಕಡೆ ತಕ್ಕಡಿ ವಾಲುತ್ತದೆ. ಗೀರು ಬೇಡ ಅನ್ನುವ ಒಂದೇ ಕಾರಣಕ್ಕೆ ಸ್ಟೆಂಟ್ ಆರಿಸಿಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ.

ನಾಳ ಪೂರ್ತಿ, ನೂರಕ್ಕೆ ನೂರು ಮುಚ್ಚಿಹೋಗಿದ್ದರೆ? ಆಗ ಸಾಮಾನ್ಯವಾಗಿ ಅದನ್ನು ತೆರೆಯುವುದಿಲ್ಲ. ತಲೆಯ ಚರ್ಮದ ನಾಳವನ್ನು ಮಿದುಳಿನ ನಾಳಕ್ಕೆ ಜೋಡಿಸುವ ಬೈಪಾಸ್ ಒಂದಿದೆ. 1985ರಲ್ಲಿ ಮುಗಿದ ದೊಡ್ಡ ಅಧ್ಯಯನದಲ್ಲಿ ಅದರಿಂದ ಸ್ಟ್ರೋಕ್ ತಪ್ಪಲಿಲ್ಲ. ಕಣ್ಣಿಗಾಗಿ ಅಲ್ಲೊಬ್ಬರು ಇಲ್ಲೊಬ್ಬರು ಮಾಡುತ್ತಾರೆ, ಅಷ್ಟೇ.

ಕತ್ತು ಸರಿಮಾಡಿದರೆ ಕಣ್ಣು ಬರುತ್ತದಾ? ಸತ್ತ ರೆಟಿನಾ ಬರುವುದಿಲ್ಲ. ಹಸಿದಿರುವ, ಇನ್ನೂ ಸಾಯದ ರೆಟಿನಾ ಚೇತರಿಸಿಕೊಳ್ಳಬಹುದು. ಐರಿಸಿಗೆ ಕೆಂಪು ಎಳೆ ಬರುವ ಮುಂಚೆ ಸಿಕ್ಕಿದವರಿಗೆ ಆಸೆ ಇದೆ. ಬಂದ ಮೇಲೆ ಸಿಕ್ಕಿದವರಲ್ಲಿ ಬಹುತೇಕರು ಒಂದು ವರ್ಷದಲ್ಲಿ ಆ ಕಣ್ಣಿನ ದೃಷ್ಟಿ ಬಹಳ ಕಳೆದುಕೊಳ್ಳುತ್ತಾರೆ. ಇದನ್ನು ಸಿಹಿ ಮಾಡಿ ಹೇಳುವುದು ನನಗೆ ಬರುವುದಿಲ್ಲ.

ಇನ್ನೊಂದು ಲೆಕ್ಕ ಹೇಳಲೇಬೇಕು. ಈ ಕಾಯಿಲೆ ಬಂದವರಲ್ಲಿ ಐದು ವರ್ಷದೊಳಗೆ ಸುಮಾರು ಶೇಕಡಾ 40 ಜನ ತೀರಿಕೊಳ್ಳುತ್ತಾರೆ ಅಂತ ಅಧ್ಯಯನ ಹೇಳುತ್ತದೆ. ಕಣ್ಣಿನಿಂದಲ್ಲ. ಮೊದಲ ಕಾರಣ ಹೃದಯ, ಎರಡನೆಯದು ಸ್ಟ್ರೋಕ್. ಹಾಗಾಗಿ ನಾನು ಕೊಡುವ ಎಲ್ಲ ಚಿಕಿತ್ಸೆಗಿಂತ, ಹೃದಯದ ಡಾಕ್ಟರ ಬಳಿ ಕಳಿಸುವ ಆ ಒಂದು ಚೀಟಿಗೇ ಬೆಲೆ ಜಾಸ್ತಿ. ಆಸ್ಪಿರಿನ್, ಕೊಲೆಸ್ಟರಾಲಿಗೆ ಸ್ಟ್ಯಾಟಿನ್, ಶುಗರ್ ಹತೋಟಿ, ಸಿಗರೇಟು ಬಂದ್. ಬಿಪಿ ವಿಷಯದಲ್ಲಿ ಒಂದು ಎಚ್ಚರಿಕೆ: ಇಳಿಸಬೇಕು, ಆದರೆ ಒಮ್ಮೆಲೇ ತೀರಾ ಕೆಳಗೆ ತಳ್ಳಬಾರದು. ಕಿರಿದಾದ ನಾಳದ ಆಚೆ ಇರುವ ಕಣ್ಣಿಗೆ ಆ ಒತ್ತಡವೇ ಆಧಾರ.

ಎಲ್ಲವೂ ಜಿಡ್ಡಿನಿಂದಲೇ ಆಗುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ. 1908ರಲ್ಲಿ ಜಪಾನಿನ ಕಣ್ಣಿನ ಡಾಕ್ಟರ್ ಮಿಕಿತೊ ತಕಯಾಸು 21 ವರ್ಷದ ಹುಡುಗಿಯೊಬ್ಬಳ ರೆಟಿನಾದಲ್ಲಿ ನಾಳಗಳು ಹೂಮಾಲೆಯಂತೆ ಹೆಣೆದುಕೊಂಡಿದ್ದನ್ನು ವರದಿ ಮಾಡಿದರು. ಅದು ದೊಡ್ಡ ನಾಳಗಳಿಗೆ ಉರಿಯೂತ ಬಂದು ಕಿರಿದಾಗುವ ಕಾಯಿಲೆ. ಕಣ್ಣಿನಲ್ಲಿ ಮೊದಲು ಕಂಡಿತು, ಅವರದೇ ಹೆಸರು ಉಳಿಯಿತು. ವಯಸ್ಸಾದವರಲ್ಲಿ ಇನ್ನೊಂದು ಬಗೆಯ ಉರಿಯೂತ ಇದೆ. ಕಣತಲೆಯ ನೋವು, ಅಗಿಯುವಾಗ ದವಡೆ ನೋವು, ತಲೆ ಬಾಚಿದರೆ ನೋವು, ಇವುಗಳ ಜೊತೆ ಕಣ್ಣು ಮಂಜಾದರೆ ಒಂದು ದಿನವೂ ಕಾಯಬಾರದು. ತಕ್ಷಣ ಸ್ಟೀರಾಯ್ಡ್ ಶುರು ಮಾಡದಿದ್ದರೆ ಎರಡನೇ ಕಣ್ಣೂ ಹೋಗಬಹುದು.

ಇನ್ನು ಪ್ರಶ್ನೆಗಳು. ಮೊದಲು ಕೇಳಿದವರು ಮುಂದಿನ ಸಾಲಿನ ಒಬ್ಬ ಅಮ್ಮ: "60 ಆದವರೆಲ್ಲ ಕತ್ತಿನ ಸ್ಕ್ಯಾನ್ ಮಾಡಿಸಿಕೊಳ್ಳಬೇಕಾ ಡಾಕ್ಟ್ರೇ?" ಬೇಡಮ್ಮ. ಯಾವ ಲಕ್ಷಣವೂ ಇಲ್ಲದವರಿಗೆ ಸುಮ್ಮನೆ ಹುಡುಕಿಕೊಂಡು ಹೋದರೆ, ಬೇಡದ ಆಪರೇಷನ್ ಆಗುವ ಅಪಾಯವೇ ಜಾಸ್ತಿ. ಲಕ್ಷಣ ಇದ್ದರೆ ಮಾತ್ರ ಬಿಡಬೇಡಿ.

"ಕತ್ತು ಉಜ್ಜಿಸಿಕೊಂಡರೆ ಜಿಡ್ಡು ಕರಗುತ್ತಾ?" ಅಂತ ಒಬ್ಬ ಯಜಮಾನರು ಕೇಳಿದರು. ಸಭೆ ನಕ್ಕಿತು, ಆದರೆ ಪ್ರಶ್ನೆ ಒಳ್ಳೆಯದೇ. ಕರಗುವುದಿಲ್ಲ. ಚೂರು ಕಿತ್ತು ಮೇಲೆ ಹೋಗಬಹುದು. ಕತ್ತಿನ ಮುಂಭಾಗ ಜೋರಾಗಿ ಉಜ್ಜಿಸಿಕೊಳ್ಳಬೇಡಿ, ಕತ್ತು ಲಟಕ್ ಅನ್ನಿಸುವವರ ಹತ್ತಿರವೂ ಹೋಗಬೇಡಿ.

ಕೊನೆಗೆ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಆ ಮೇಷ್ಟ್ರು ಏನಾದರು?" ಅವರಿಗೆ ಆಪರೇಷನ್ ಆಯಿತು. ಅದಕ್ಕೂ ಮುಂಚೆ ಕಣ್ಣಿಗೆ ಇಂಜೆಕ್ಷನ್ ಕೊಟ್ಟಿದ್ದೆ. ಒತ್ತಡ ಏರಿತು, ಹನಿಯಲ್ಲೇ ಹಿಡಿತಕ್ಕೆ ಬಂತು. ಎಡಗಣ್ಣಿಗೆ ಈಗ ಕೈ ಆಡಿಸುವುದು ಗೊತ್ತಾಗುತ್ತದೆ, ಅಷ್ಟೇ. ಬಲಗಣ್ಣಿನಲ್ಲಿ ಚಿತ್ರ ಬಿಡಿಸುತ್ತಾರೆ. ಸ್ಟ್ರೋಕ್ ಆಗಿಲ್ಲ. ಹೋದ ಸಲ ಬಂದಾಗ ಅವರ ಹೆಂಡತಿ ಹೇಳಿದರು: "ಈಗ ಮಧ್ಯಾಹ್ನ ಮಲಗೋದೇ ಇಲ್ಲ ಇವರು. ಎದ್ದೇ ಕೂತಿರ್ತಾರೆ." ನಾನು ಹಳೆಯ ಫೈಲು ತೆಗೆದು ಮೊದಲ ದಿನದ ಪುಟ ನೋಡಿದೆ. ಹಸಿದ ಕಣ್ಣಿನ ನೋವು ಕೂತಾಗ ನಿಂತಾಗ ಜಾಸ್ತಿ, ಮಲಗಿದರೆ ಕಡಿಮೆ. ಮಲಗಿ ತಲೆ ಕೆಳಕ್ಕೆ ಬಂದರೆ ರಕ್ತ ಸ್ವಲ್ಪ ಸುಲಭವಾಗಿ ಹರಿಯುತ್ತದೆ. ಆಯಮ್ಮ ಅದನ್ನೇ ಮೊದಲ ದಿನ, ಮೊದಲ ಐದು ನಿಮಿಷದಲ್ಲಿ ನನಗೆ ಹೇಳಿದ್ದರು. ಫೈಲಿನಲ್ಲಿ ಆ ಮಾತು ಎಲ್ಲೂ ಇರಲಿಲ್ಲ.